ಮೂಕ ಸರದಾರನ ನಾನ್

"ಪೇಟಾ ಸರಿ ಮಾಡ್ಕೋಲೇ ಭಾಡ್ಯಾ! ಗಿರಾಕಿ ಮುಂದ ಬಾಯಿ ಬಿಟ್ಟಿ ಅಂದ್ರ ಇದ ಭಟ್ಟ್ಯಾಗ ತುರುಕತೀನಿ ನಿನ್ನ."

ಮಾಲೀಕ ವಿರುಪಾಕ್ಷಪ್ಪ ಹಲ್ಲು ಕಚ್ಚಿ ಇಷ್ಟು ಹೇಳಿ, ಗಿರಾಕಿಗಳ ಕಡೆ ತಿರುಗಿದಾಗ ಹಲ್ಲು ಕಿರಿಯುತ್ತಿದ್ದ. ಜ್ಞಾನದೇವ ಗುಲಾಬಿ ಪೇಟಾವನ್ನು ಹಣೆಗೆ ಎಳೆದುಕೊಂಡ. ನಿಪ್ಪಾಣಿ ಹೈವೇ ಮೇಲಿನ ಈ ಹೋಟೆಲಿನಲ್ಲಿ ಅವನು ಪಂಜಾಬಿನಿಂದ ಬಂದ ಮೂಕ ಸರದಾರ. ಸದಲಗಾದ ಹೊಲಗೇರಿಯವನು ಹಿಟ್ಟು ಮುಟ್ಟುತ್ತಾನೆಂದು ಗೊತ್ತಾದರೆ ಯಾವ ದೊಡ್ಡವರು ಬಂದು ಉಣ್ಣುತ್ತಾರೆ? ಆದರೆ ಅವನಂತೆ ಮೊರದಗಲದ ನಾನ್ ಬಡಿಯುವ ಇನ್ನೊಬ್ಬ ಈ ಸೀಮೆಯಲ್ಲಿರಲಿಲ್ಲ. ಮಿರಜದ ಉಸ್ತಾದನ ಬೈಗುಳ ತಿಂದು, ತೋಳಿನ ಕೂದಲೆಲ್ಲ ಸುಟ್ಟುಕೊಂಡು ಕಲಿತ ಕೆಲಸ. ಅದಕ್ಕೇ ವಿರುಪಾಕ್ಷಪ್ಪ ಗಡ್ಡ ಬಿಡಿಸಿ ಈ ವೇಷ ಹಾಕಿಸಿದ್ದ. ಬಾಯಿ ತೆರೆದರೆ ಸದಲಗಾ ಹೊರಬೀಳುತ್ತದೆಂದು ಮೂಕನನ್ನಾಗಿಯೂ ಮಾಡಿದ್ದ. ಹೊಟ್ಟೆ ಕೇಳಬೇಕಲ್ಲ, ಜ್ಞಾನದೇವ ಒಪ್ಪಿದ್ದ.

ಅವತ್ತು ಮಧ್ಯಾಹ್ನ ಸದಲಗಾದ ಸಾವ್ಕಾರ ರಾವಸಾಹೇಬ ಜೀಪಿನಿಂದಿಳಿದು ಬಂದು ಕುಳಿತ. ಜ್ಞಾನದೇವನನ್ನು ಗುರುತು ಹಿಡಿಯಲಿಲ್ಲ. ಕೇರಿಯವರ ಮುಖ ಅವನು ಯಾವತ್ತು ನೋಡಿದ್ದ? ಹಿಂದೆಯೇ ಬಂದ ಅವನ ಕಬ್ಬಿನ ಟ್ರ್ಯಾಕ್ಟರ್ ಹೊರಗೆ ನಿಂತಿತು. ಅದರ ನೆರಳಲ್ಲಿ ಕುಳಿತ ಆಳುಗಳ ನಡುವೆ ಜ್ಞಾನದೇವನ ತಾಯಿ ಸಾವಕ್ಕ. ಮಗನನ್ನು ಕಂಡವಳೇ ಮುಖ ತಿರುಗಿಸಿದಳು. ಹೋಟೆಲಿನ ಹತ್ತಿರ ಬಂದರೂ ಮಗನೇ ಅನ್ನಬೇಡ ಎಂದು ಅವನೇ ಹೇಳಿಟ್ಟಿದ್ದ.

"ಏ ಸರದಾರಾ, ಏಕದಮ್ ಮೋಠಾ ಬಡಿ! ಟೇಬಲ್ ತುಂಬಬೇಕ!" ರಾವಸಾಹೇಬ ಕೂಗಿದ.

ಜ್ಞಾನದೇವ ಹಿಟ್ಟಿನ ಉಂಡೆಯನ್ನು ಅಂಗೈಯಿಂದ ಅಂಗೈಗೆ ಬಡಿದು ಹಿಗ್ಗಿಸಿದ. ದಿಂಬಿನಂಥ ಗಾದಿಯ ಮೇಲೆ ಹರವಿ ಸುತ್ತಲೂ ಎಳೆದ. ಪಕ್ಕದ ಗಡಿಗೆಯ ನೀರಲ್ಲಿ ಕೈ ಅದ್ದಿ ಅದರ ಮೈತುಂಬ ಸವರಿದ. ಆ ನೀರಿಲ್ಲದಿದ್ದರೆ ಇಷ್ಟು ದೊಡ್ಡ ನಾನ್ ಮಣ್ಣಿನ ಗೋಡೆ ಹಿಡಿಯದೆ ಕೆಂಡಕ್ಕೆ ಜಾರುತ್ತದೆ. ಉಸಿರು ಕಟ್ಟಿ, ಭುಜದವರೆಗೆ ಭಟ್ಟಿಯೊಳಗೆ ಕೈ ಇಳಿಸಿ ಬಡಿದ.

ಅಷ್ಟರಲ್ಲಿ ಸಾವಕ್ಕ ಬಾಗಿಲಿಗೆ ಬಂದು ನಿಂತಿದ್ದಳು. "ಯಪ್ಪಾ, ಒಂದೀಟ ನೀರ ಹಾಕ್ರಿ. ಗಂಟಲ ಒಣಗೈತ್ರಿ."

"ಹೊಸ್ತಿಲಾ ಬಿಟ್ಟ ಸರಿಯೇ ರಂಡಿ!" ವಿರುಪಾಕ್ಷಪ್ಪ ಎಗರಿದ. "ಮಂದಿ ಉಣ್ಣಾಕತ್ತಾರ, ಕಣ್ಣ ಕಾಣಂಗಿಲ್ಲೇನ?"

ರಾವಸಾಹೇಬ ನಕ್ಕ. "ಏ ಸಾವಿ, ಹಿಂದ ಮೋರಿ ಐತಿ ನೋಡ. ತಾಟ ತೊಳದ ನೀರ ಬರತಾವ. ಬೊಗಸಿ ಒಡ್ಡ ಹೋಗ."

ಸಾವಕ್ಕ ಹಿತ್ತಲ ಕಡೆ ಹೊರಟಳು. ಆಗಲೂ ಭಟ್ಟಿಯ ಕಡೆ ನೋಡಲಿಲ್ಲ. ಮಗನ ಅನ್ನ ಉಳಿಯಲೆಂದೇ ನೋಡಲಿಲ್ಲ. ಜ್ಞಾನದೇವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಸಲಾಕೆಗಳಿಂದ ನಾನ್ ಎತ್ತಿ ತಂದು ಸಾವ್ಕಾರನ ಮುಂದೆ ಹಾಸಿದ. ರಾವಸಾಹೇಬ ಹರಿದು ಬಾಯಿಗೆ ತುರುಕಿಕೊಂಡ. "ವಾ! ಪಂಜಾಬಿ ಕೈ ಅಂದ್ರ ಇದು! ನಮ್ಮ ಕಡಿ ಮಂದಿಗೆ ಬರತೈತೇನ?"

ಜ್ಞಾನದೇವ ಸಲಾಕೆಗಳನ್ನು ಕೆಳಗೆಸೆದ. ಪೇಟಾ ಕಿತ್ತು ಭಟ್ಟಿಗೆ ಹಾಕಿದ.

"ಯವ್ವಾ! ಮೋರಿಗೆ ಹೋಗಬ್ಯಾಡ ಬೇ! ನಿನ್ನ ಮಗ ಕರ್ಯಾಕತ್ತೀನಿ, ಇಲ್ಲಿ ಬಾ!"

ಊಟ ಮಾಡುತ್ತಿದ್ದವರ ಕೈಗಳು ನಿಂತವು. ಅವನು ಸಾವ್ಕಾರನ ಮುಂದಿದ್ದ ಸ್ಟೀಲ್ ಲೋಟ ಎತ್ತಿಕೊಂಡು, ಭಟ್ಟಿ ಪಕ್ಕದ ಗಡಿಗೆಯಲ್ಲಿ ಅದ್ದಿ, ತಿರುಗಿ ಬಂದ ತಾಯಿಯ ಕೈಗೆ ಕೊಟ್ಟ.

"ಕುಡಿ. ಇದ ನೀರ ಹಚ್ಚಿ ಬಡದೀನಿ ಸಾವ್ಕಾರ್ರ ನಾನ್. ಹೊಲಗೇರಿ ಸಾವಕ್ಕನ ಮಗನ ಕೈ, ಪಂಜಾಬಿಂದಲ್ಲ!"

ರಾವಸಾಹೇಬನ ಬಾಯಿ ತುಂಬ ನಾನ್. ಅವನಿಗೆ ನುಂಗಲೂ ಆಗಲಿಲ್ಲ, ಅಷ್ಟು ಜನರೆದುರು ಉಗುಳಲೂ ಆಗಲಿಲ್ಲ.

ವಿರುಪಾಕ್ಷಪ್ಪ ಕೆಳಗೆ ಬಿದ್ದಿದ್ದ ಸಲಾಕೆ ಎತ್ತಿಕೊಂಡು ನುಗ್ಗಿ ಬಂದ. ಸಾವಕ್ಕ ಅದನ್ನು ಕಂಡಳು. ಕಂಡೂ ಲೋಟವನ್ನು ತುಟಿಗೆ ಹಚ್ಚಿ ಗಟಗಟನೆ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಖಾಲಿ ಲೋಟ ಮುಂದೆ ಹಿಡಿದಳು.

"ಇನ್ನೊಂದ ಲೋಟ ಹಾಕ, ಮಗನೇ."