ಅಮಾಸಿಯ ಮಗ್ಗ

‘ಬಲಕ್ಕ ಸ್ವಲ್ಪ ಏರಸ್ರಿ ಕಾಕಾ, ನನ್ನ ಹೆಸರ ಜಾರಿ ಬೀಳಾಕತ್ತೈತಿ!’

ಏಣಿಯ ಮೇಲಿದ್ದ ಪೇಂಟರ್ ಫಕ್ರುಸಾಬ ನಗುತ್ತ ಬೋರ್ಡನ್ನು ಬಲಕ್ಕೆ ಎತ್ತಿ ಮೊಳೆ ಹೊಡೆದ. ಚೊಳಚಗುಡ್ಡದ ರಸ್ತೆಯಲ್ಲಿ ಬನಶಂಕರಿಗೆ ಹೊರಟವರು ನಿಂತು ಓದಿದರು: ವರದಾ–ಜಯಶ್ರೀ ಖಣ ಭಂಡಾರ. ಫಕ್ರುಸಾಬ ಇಳಿದದ್ದೇ ಜಯಶ್ರೀ ಸೆರಗಿನಿಂದ ತನ್ನ ಹೆಸರಿನ ಮೇಲಿನ ಧೂಳು ಒರೆಸಲು ಏಣಿಯನ್ನೇ ಹತ್ತಿದಳು. ವರದಾ ಏಣಿ ಹಿಡಿದು ಕೆಳಗೆ ನಿಂತಿದ್ದಳು, ತಲೆ ಎತ್ತಲಿಲ್ಲ.

ಬೋರ್ಡಿನಲ್ಲಿದ್ದ ಜಯಶ್ರೀಯ ಹೆಸರು ನೋಂದಣಿಯಾದ ಪಾಲುದಾರಿಕೆ ಪತ್ರದಲ್ಲಿ ಇರಲಿಲ್ಲ. ಅದು ಅವಳಿಗೆ ಗೊತ್ತಿರಲಿಲ್ಲ.

ವರದಾ ಬಾಗಲಕೋಟೆಯ ಖಾಸಗಿ ಕಾಲೇಜೊಂದರಲ್ಲಿ ಕಾಮರ್ಸ್ ಕಲಿಸುತ್ತಾಳೆ. ಪಾಲುದಾರಿಕೆ ಕಾಯ್ದೆಯನ್ನು ವರ್ಷವೂ ಹೇಳಿಕೊಡುತ್ತಾಳೆ. ಪಾಲುದಾರರ ನಡುವೆ ಇರಬೇಕಾದದ್ದು ಪರಮ ವಿಶ್ವಾಸ ಎಂದು ಹಲಗೆಯ ಮೇಲೆ ಬರೆದು ಅಡಿಗೆರೆ ಎಳೆಯುತ್ತಾಳೆ. ಜಯಶ್ರೀ ಗುಳೇದಗುಡ್ಡದಲ್ಲಿ, ನೆಲದ ಕುಣಿಗೆ ಕಾಲು ಇಳಿಬಿಟ್ಟು ಕೂರುವ ಕುಣಿಮಗ್ಗದಲ್ಲಿ ಕುಪ್ಪಸದ ಖಣ ನೇಯುವವಳು. ನೂಲು ಕೊಟ್ಟು ನೇಯಿಸಿಕೊಳ್ಳುವ ಅಂದಾನಪ್ಪ ಸಾಹುಕಾರನ ಕೈಯಿಂದ ಬಿಡಿಸಿಕೊಂಡು, ತನ್ನ ನೂಲು, ತನ್ನ ನೇಯ್ಗೆ, ತನ್ನ ಅಂಗಡಿ ಎನ್ನಬೇಕೆಂಬುದು ಅವಳ ಹಟ. ವರದಾಳ ಬಂಡವಾಳ, ಜಯಶ್ರೀಯ ಕೈ, ಲಾಭದಲ್ಲಿ ಸಮಪಾಲು ಎಂದು ಇಬ್ಬರೂ ಮಾತಾಡಿಕೊಂಡಿದ್ದರು.

ಗುಳೇದಗುಡ್ಡದಲ್ಲಿ ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತದೆ. ಉಳಿದ ದಿನ ಒಂದು ಹೊತ್ತು ಕುಣಿ ಖಾಲಿ ಇದ್ದರೂ ಅಂದಾನಪ್ಪ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಹಾಗಾಗಿ ಹಿಂದಿನ ಅಮಾವಾಸ್ಯೆಗೆ ಜಯಶ್ರೀ ತಲೆಗೆ ಎಣ್ಣೆ ಹಚ್ಚಿ, ಫೋಟೋ ತೆಗೆಸಿಕೊಂಡು, ಆಧಾರ್ ಕಾರ್ಡು ಕೈಯಲ್ಲಿ ಹಿಡಿದು ಬಾಗಲಕೋಟೆಗೆ ಬಂದಿದ್ದಳು. ಸಹಿ ಹಾಕಲು.

ವರದಾಳ ಅತ್ತೆ ಮಥುರಾಬಾಯಿ ಪಂಚಾಂಗ ಮಡಚಿಟ್ಟು ಹೇಳಿದ್ದರು, ‘ಅಮಾಸಿ ದಿನ ಸಹಿ ಏನ? ನಮ್ಮ ಮನ್ಯಾಗ ಆ ಪದ್ಧತಿ ಇಲ್ಲ. ಚಹಾ ಕೊಟ್ಟು ಕಳಸು.’

ಚಹಾ ಹೊರಗಿನ ಕಟ್ಟೆಗೆ ಹೋಯಿತು, ಬೇರೆಯೇ ಇಟ್ಟಿದ್ದ ಲೋಟದಲ್ಲಿ. ಜಯಶ್ರೀ ಕುಡಿದು, ಲೋಟ ತೊಳೆದಿಟ್ಟು, ‘ಮತ್ತ ಯಾವಾಗ ಬರ್ಲಿರಿ ಅಕ್ಕಾರ?’ ಎಂದಿದ್ದಳು. ‘ಹೇಳ್ತೇನಿ’ ಎಂದಿದ್ದಳು ವರದಾ.

ಹೇಳಲಿಲ್ಲ. ಅಂಗಡಿಯ ಮಾಲೀಕ ಬಾಡಿಗೆ ಕರಾರಿಗೆ ಫರ್ಮಿನ ನೋಂದಣಿ ಪತ್ರ ಬೇಗ ಬೇಕೆಂದ. ಆಡಿಟರ್ ಪ್ರೇಮಕುಮಾರ ಸರಳ ದಾರಿ ತೋರಿಸಿದ: ‘ಮೇಡಮ್ಮಾರ, ಇಬ್ಬರು ಇದ್ರ ಸಾಕಲ್ರಿ. ಸದ್ಯಕ್ಕ ನಿಮ್ಮ ಯಜಮಾನ್ರ ಹೆಸರ ಹಾಕೂಣು. ಆಮ್ಯಾಲ ಬದಲಿ ಮಾಡಿದ್ರಾತು.’ ಗಣಿತದ ಮಾಸ್ತರನಾದ ಗಂಡ ರಾಘವೇಂದ್ರ ಪೇಪರು ಓದುತ್ತಲೇ ಸಹಿ ಹಾಕಿದ. ಯಾತಕ್ಕೆಂದು ಕೇಳಲಿಲ್ಲ. ಅವನಂಥವರಿಗೆ ಪಾಲು ಕೇಳದೆಯೇ ಬರುತ್ತದೆ.

ಆ ಕ್ಷಣ ವರದಾಳಿಗೆ ಎದೆ ಹಗುರಾಗಿತ್ತು. ಈಗ ಅವಳನ್ನು ಕೊರೆಯುತ್ತಿದ್ದದ್ದು ಆ ಹಗುರವೇ. ಅತ್ತೆಯ ಎದುರಿನ ಕುರ್ಚಿಯಲ್ಲಿ ಜಯಶ್ರೀಯನ್ನು ಕೂರಿಸುವ ಕೆಲಸ ತಪ್ಪಿತ್ತು.

ಬೋರ್ಡು ಹಾಕಿದ ಮೇಲೆ ಇಬ್ಬರೂ ಬಸ್ಸು ಹಿಡಿದು ಗುಳೇದಗುಡ್ಡಕ್ಕೆ ಬಂದರು. ಅಂದೂ ಅಮಾವಾಸ್ಯೆ, ಓಣಿ ಸದ್ದಿಲ್ಲದೆ ಬಿದ್ದಿತ್ತು. ಮಗ್ಗಕ್ಕೆ ಬಿಳಿ ಅರಿವೆ ಹೊದಿಸಿ ಹೂ ಏರಿಸಿದ್ದರು. ಜಯಶ್ರೀಯ ತಾಯಿ ಶಾರವ್ವ ವರದಾಳನ್ನು ಒಳಗೆ, ಒಲೆಯ ಹತ್ತಿರವೇ ಕೂರಿಸಿ ಹೋಳಿಗೆ ಬಡಿಸಿದಳು.

‘ಉಣ್ರಿ ನಮ್ಮವ್ವ. ನಮ್ಮ ಹುಡುಗಿ ಮಾಲಕಿ ಆದಳು ನಿಮ್ಮಿಂದ.’

ವರದಾ ತಾಟು ಸರಿಸಿದಳು.

‘ಜಯಶ್ರೀ, ಕಾಗದದಾಗ ನಿನ್ನ ಹೆಸರಿಲ್ಲ. ನಮ್ಮ ಮನಿಯವರದು ಹಾಕಿಸೀನಿ.’

‘ಬೋರ್ಡಿನ್ಯಾಗ ಐತಲ್ರಿ?’

‘ಅದು ಅಂಗಡಿ ಹೆಸರು. ಪಾಲುದಾರರು ನಾನು, ಅವರು.’

ಜಯಶ್ರೀ ತಾಯಿಯ ಮುಖ ನೋಡಿದಳು, ಆಮೇಲೆ ನಕ್ಕಳು. ಆ ನಗು ವರದಾಳಿಗೆ ಬೈಗುಳಕ್ಕಿಂತ ಕೆಟ್ಟದಾಗಿ ತಾಕಿತು.

‘ಊದಿನಕಡ್ಡಿ ಪುಡಕಿ ಮ್ಯಾಲ ದೇವರ ಚಿತ್ರ ಹಾಕಿರ್ತಾರಲ್ಲವ್ವ, ಹಂಗ ನೋಡು ನಾನು. ಮಾರಾಕ ಅಷ್ಟ.’

‘ಸರಿಮಾಡಲಿಕ್ಕೇ ಬಂದೇನಿ,’ ವರದಾ ಚೀಲದಿಂದ ಹೊಸ ಪತ್ರ ತೆಗೆದಳು. ‘ಇದಕ್ಕ ಸಹಿ ಹಾಕು. ಅವರು ಬಿಡ್ತಾರ, ನೀ ಸೇರ್ತಿ.’

‘ಓದ್ರಿ, ಏನ ಬರದೀರಿ.’

ಓದುವಾಗ ವರದಾಳ ಧ್ವನಿ ಸಣ್ಣದಾಯಿತು. ‘...ಇಂದಿನಿಂದ ಜಯಶ್ರೀ ಅವರನ್ನು ಪಾಲುದಾರರನ್ನಾಗಿ ಸೇರಿಸಿಕೊಳ್ಳಲಾಗಿದೆ.’

‘ಸೇರಿಸ್ಕೊಳ್ಳಾಕ ನೀ ಯಾರ?’

ಅಕ್ಕಾರ ಅನ್ನುವುದೂ ಹೋಗಿತ್ತು, ರಿ ಅನ್ನುವುದೂ ಹೋಗಿತ್ತು.

‘ಮೊದಲನೇ ಖಣ ನೇದಾಕಿ ನಾನು. ಬಿಸಲಾಗ ಅಡ್ಡಾಡಿ ಆ ಅಂಗಡಿ ಹುಡುಕಿದಾಕಿ ನಾನು. ಇವತ್ತ ಬಂದು ಸೇರಿದೆ ಅಂತ ಸಹಿ ಹಾಕ್ಲಿ? ನನ್ನ ಕೈಲೆ ನಾನಽ ಸುಳ್ಳು ಬರೀಲಿ?’

‘ಅತ್ತೆಯವರು ಅಮಾಸಿ ಬ್ಯಾಡ ಅಂದ್ರು...’

‘ಮುಂದ ಒಂದಿನ ಬಾ ಅಂತ ಯಾಕ ಅನ್ನಲಿಲ್ಲ?’

‘ನಿನಗ ಮಗ್ಗ ಬಿಟ್ಟು ಬರಲಿಕ್ಕೆ ಆಗೂದಿಲ್ಲ ಅಂತ...’

‘ನನ್ನ ಮಗ್ಗದ ಚಿಂತಿ ನಂದು. ನೀ ಕೇಳಿದ್ಯೇನು? ಫೋನ ಇತ್ತಲ್ಲ ನಿನ್ನ ಕೈಯಾಗ?’

ಕೇಳಿರಲಿಲ್ಲ. ವರದಾಳ ಮನೆಯ ಅಮಾವಾಸ್ಯೆಯಲ್ಲಿ ಅತ್ತೆಯ ಪಂಚಾಂಗವಿತ್ತು, ಇಲ್ಲಿಯ ಉಳಿದ ದಿನಗಳಲ್ಲಿ ಸಾಹುಕಾರನ ಹೆದರಿಕೆಯಿತ್ತು. ಎರಡರ ಮರೆಯಲ್ಲಿ ಅವಳು ನುಣುಚಿಕೊಂಡಿದ್ದಳು. ಆ ಕಟ್ಟೆಯ ಮೇಲಿನ ಲೋಟಕ್ಕೆ ಯಾವ ತಿಥಿಯೂ ಇರಲಿಲ್ಲ. ಅದು ಎಲ್ಲ ದಿನವೂ ಹೊರಗೇ ಇರುತ್ತಿತ್ತು.

ಜಯಶ್ರೀ ಎದ್ದು ಮಗ್ಗದ ಮೇಲಿನ ಹೂ ತೆಗೆದು ಗೂಡಿನಲ್ಲಿಟ್ಟಳು. ಅರಿವೆ ಎಳೆದಳು. ಕುಣಿಗೆ ಕಾಲು ಇಳಿಬಿಟ್ಟಳು.

‘ಏ ಜಯವ್ವಾ, ಅಮಾಸಿ ಐತೆ!’ ಶಾರವ್ವ ಕೂಗಿದಳು.

‘ನಾಳಿ ಕೆಲಸ ಇವತ್ತ ಮಾಡ್ತೇನಿ ಬೇ. ನಾಳಿ ಬಾಗಲಕ್ವಾಟಿಗೆ ಹೋಗಾಕಬೇಕು, ಅಂದಾನಪ್ಪ ಬಂದ್ರ ಬಟ್ಟಿ ತೋರ್ಸು.’ ವರದಾಳ ಕಡೆ ತಿರುಗದೆ ಹೇಳಿದಳು, ‘ಆ ಫರ್ಮ್ ಮುಚ್ಚಸು. ಹೊಸಾದ ಬರಸು. ನಿಮ್ಮ ಮಾಸ್ತರ ಬ್ಯಾಡ. ಮೊದಲನೇ ಸಹಿ ನಂದು. ಆಗೂದಿಲ್ಲ ಅಂದ್ರ ಫಕ್ರುಸಾಬಗ ಹೇಳಿ ನನ್ನ ಹೆಸರ ಕೆರಸಿ ಹಾಕು.’

ಲಾಳಿ ಓಡಿತು. ಸುಮ್ಮನಿದ್ದ ಓಣಿಯಲ್ಲಿ ಒಂದೇ ಮಗ್ಗದ ಸದ್ದು ಗೋಡೆಗೋಡೆಗೆ ಬಡಿಯಿತು. ಎದುರುಮನೆಯ ಮಲಿಕಾ ಬಾಗಿಲಿಗೆ ಬಂದು, ಹೊರಗೆ ಬಂದ ವರದಾಳನ್ನೇ ಕೇಳಿದಳು, ‘ಯಾಕ್ರೀ, ಅಮಾಸಿ ದಿನಾ ಮಗ್ಗ? ಏನಾತ್ರಿ?’

ಏನಿಲ್ಲ ಎನ್ನಲು ಬಾಯಿ ತೆರೆದಿತ್ತು. ‘ನನ್ನ ಸಲುವಾಗಿ,’ ಎಂದಳು ವರದಾ. ‘ನಾ ಮೋಸ ಮಾಡಿದ್ದಕ್ಕ.’

ಮಲಿಕಾ ಬಾಗಿಲಲ್ಲೇ ನಿಂತಳು. ವರದಾ ಅಲ್ಲಿಂದಲೇ ಮನೆಗೆ ಫೋನು ಹಚ್ಚಿದಳು. ಎತ್ತಿದವರು ಮಥುರಾಬಾಯಿ.

‘ನಾಳೆ ಜಯಶ್ರೀ ಬರ್ತಾಳ. ಒಳಗ ಕೂಡ್ತಾಳ. ಇವರೂ ಇರಬೇಕು, ಫರ್ಮ್ ಮುಚ್ಚೂದದ, ಹೊಸಾದು ಬರಿಯೂದದ.’

‘ನಾಳೆ ಪಾಡ್ಯ ಅದ,’ ಎಂದರು ಅತ್ತೆ. ‘ಪಾಡ್ಯಕ್ಕ ಏನೂ ಶುರು ಮಾಡಬಾರದು.’

ಹಿಂದೆ ಮಗ್ಗ ಬಡಿಯುತ್ತಲೇ ಇತ್ತು.

‘ಇರಲಿ ಪಾಡ್ಯ,’ ಎಂದಳು ವರದಾ. ‘ನಾಳೇನಽ ಆಗಬೇಕು. ಆ ಹೊರಗಿನ ಲೋಟಾ ಒಳಗ ಇಡ್ರಿ.’