ಜಾಲಿಯ ನಾಲ್ಕು ಚೆಂಡು

ಸಗಣಿಗೆ ಇನ್ನೊಂದು ಚೊಂಬು ನೀರು ಹೊಯ್ದು, ಇದ್ದಿಲ ಪುಡಿ ಬೆರೆಸಿ, ತಿಮ್ಮಿ ಮತ್ತೆ ಅಂಗಳದಲ್ಲಿ ಮೊಣಕಾಲೂರಿದಳು. ಅಂಗೈ ಅಗಲಿಸಿ ಎಡದಿಂದ ಬಲಕ್ಕೆ ಒಂದು ಕಮಾನು ಎಳೆದಳು. ಅದರ ಮೇಲೆ ಇನ್ನೊಂದು. ಬೆಳಿಗ್ಗೆ ಇದೇ ಜಾಗದಲ್ಲಿ ಗಂಡನನ್ನು ಮಲಗಿಸಿದ್ದರು. ಹೊತ್ತುಕೊಂಡು ಹೋದವರು ಇನ್ನೂ ಮರಳಿರಲಿಲ್ಲ. ಗಾಳಿಗಿಡಗಳ ಆಚೆ, ಸಮುದ್ರದ ಬದಿಗೆ, ತೆಳ್ಳಗೆ ಹೊಗೆ ಏಳುತ್ತಿತ್ತು.

"ನೀ ಏಳೆ ತಿಮ್ಮಿ. ಗಂಡ ಹೋದವಳು ಇದ ಮಾಡೂದಲ್ಲ. ನಾ ಸಾರಸ್ತೆ," ಎಂದಳು ಪಕ್ಕದ ಮನೆಯ ದುರ್ಗಮ್ಮ.

"ಅವ್ರು ನಿಂತ ಜಾಗಕ್ಕೆಲ್ಲ ನಾನೇ ಸಾರ್ಸಿದ್ದು. ಮಲಗಿದ್ದಕ್ಕೂ ನಾನೇ ಸಾರಸ್ತೆ."

ಹೊಳನಗದ್ದೆ ಊರಿನಲ್ಲಿ ಇದು ಗೊತ್ತಿಲ್ಲದವರಿರಲಿಲ್ಲ. ಕೊಯ್ಲು ಮುಗಿದ ಮೇಲೆ ಅವಳ ಗಂಡ ಸುಕ್ರನ ಗದ್ದೆಯೇ ಊರಿಗೆ ಕ್ರಿಕೆಟ್ ಮೈದಾನ. ನಡುವಿನ ಪಿಚ್ಚಿಗೆ, ಭತ್ತದ ಕಣಕ್ಕೆ ಸಾರಿಸುವ ಹಾಗೆ, ತಿಮ್ಮಿ ಸಗಣಿ ಸಾರಿಸುತ್ತಿದ್ದಳು. ಈಗ ಹುಡುಗರು ಅಲ್ಲಿ ಮ್ಯಾಟು ಹಾಸುತ್ತಾರೆ.

"ಗಂಡಸ್ರು ಬರೂಕೆ ತಡ ಅದೆ," ಎಂದಳು ದುರ್ಗಮ್ಮ. "ಬೊಮ್ಮ ಇದ್ದಾನಲ್ಲೆ. ಅವ ಬಾಯಿ ತೆಗ್ದ್ರೆ ಹೆಣವೂ ಎದ್ದು ಕೂತು ಕೇಳ್ತದೆ."

ತಿಮ್ಮಿಯ ಕೈ ನಿಂತಿತು. ಬೆಳಗಿನಿಂದ ಅಳುವಿನ ಕೆಳಗೆ ಮಿಸುಕುತ್ತಿದ್ದ ಹೆದರಿಕೆ ಇದೇ. ಭಟ್ಕಳದ ಜಾಲಿಯಲ್ಲಿ ಅಂದು ನಡೆದದ್ದು ಗೊತ್ತಿದ್ದವರು ಮೂವರು. ಅವರಲ್ಲಿ ಒಬ್ಬರು ಹೊಗೆಯಾಗಿ ಹೋಗುತ್ತಿದ್ದಾರೆ. ಉಳಿದದ್ದು ತಾನು, ಮತ್ತೆ ಗಂಡನ ಗೆಳೆಯ ಆ ಬೊಮ್ಮ. ಅವನೀಗ ಚಿತೆಯ ಬಳಿ ರೂಪೇಶನ ಪಕ್ಕದಲ್ಲೇ ನಿಂತಿರುತ್ತಾನೆ. ಮಗನೆದುರು ಜಾಲಿಯ ಮಾತು ತೆಗೆದರೆ?

ಅವಳು ಮತ್ತೆ ಸಾರಿಸತೊಡಗಿದಳು. ಕಮಾನಿನ ಮೇಲೆ ಕಮಾನು. ಎಲ್ಲಿ ನಿಲ್ಲಿಸಬೇಕೆಂಬುದು ಕೈಗೆ ಮರೆತುಹೋಗಿತ್ತು.

* * *

ಆಗ ಓವರಿನ ಲೆಕ್ಕವಿರಲಿಲ್ಲ. ಔಟಾಗುವ ತನಕ ಆಟ. ಕತಗಾಲದ ತಂಡದವರು ಬೆಳಿಗ್ಗೆ ಲಾರಿಯಲ್ಲಿ ಬಂದು, ಕತ್ತಲಾದರೆ ಶಾಲೆಯ ಜಗಲಿಯಲ್ಲಿ ಮಲಗಿ, ಮರುದಿನವೂ ಆಡಿ ಹೋಗುತ್ತಿದ್ದರು. ಸುಕ್ರ ಬ್ಯಾಟು ಹಿಡಿದು ನಿಂತರೆ ಎತ್ತು ಕಟ್ಟುವ ಗೂಟದ ಹಾಗೆ, ಅಲ್ಲಾಡುತ್ತಿರಲಿಲ್ಲ. ಗೂಟ ಸುಕ್ರ ಎಂದೇ ಹೆಸರು ಬಿತ್ತು.

ಮದುವೆಯಾದ ವರ್ಷದ ಮಾತು. ಸೂರ್ಯ ಮುಳುಗಿದ. ಸುಕ್ರ ಇನ್ನೂ ಔಟಾಗಿರಲಿಲ್ಲ. ಇಬ್ಬನಿಗೆ ಪಿಚ್ಚು ನೆನೆಯಬಾರದೆಂದು ತಿಮ್ಮಿ ತೆಂಗಿನ ಮಡಲು ಹೆಣೆದು ಹೊದಿಸುತ್ತಿದ್ದಳು. ಹೆಣೆದದ್ದು ಸಾಲಲಿಲ್ಲ. ಅವನು ಬ್ಯಾಟನ್ನು ಗದ್ದೆಯ ಬದುವಿಗೆ ಆನಿಸಿ, ಅವಳ ಎದುರು ಕೂತು, ತಾನೂ ಒಂದು ಮಡಲು ಎಳೆದುಕೊಂಡ.

ಮನೆಯಲ್ಲಿ ಗಂಜಿ, ನೀರು ಎಂಬೆರಡು ಮಾತಿನಲ್ಲೇ ದಿನ ಕಳೆಯುತ್ತಿದ್ದ ಗಂಡಸು. ಆ ಸಂಜೆ ಮಾತಾಡಿದ. ಸಮುದ್ರದ ಗಾಳಿ ಎದ್ದಾಗ ಚೆಂಡು ಹೇಗೆ ಒಳಗೆ ತಿರುಗುತ್ತದೆ ಎಂದು. ಸಣ್ಣವನಿದ್ದಾಗ ಹೊಳೆ ದಾಟಲು ಹೆದರಿ, ತಾಯಿಯ ಸೀರೆಯ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ದಾಟಿದ್ದೆ ಎಂದು. ಮಗಳು ಹುಟ್ಟಿದರೆ ಆ ತಾಯಿಯ ಹೆಸರಿಡಬೇಕೆಂದು. ಆಟ ಮುಗಿದಿರಲಿಲ್ಲ, ನಾಳೆ ಎಂಬುದೊಂದು ಇತ್ತು. ಅದಕ್ಕೇ ಇರಬೇಕು, ಅವನ ಒಳಗೂ ಏನೋ ಬಾಗಿಲು ಹಾಕದೆ ಹಾಗೇ ಉಳಿದಿತ್ತು. ಅವನ ಹೆಣಿಗೆ ಸೊಟ್ಟಗಿತ್ತು. ತಿಮ್ಮಿ ತಿದ್ದಲಿಲ್ಲ. ತಿದ್ದಿದರೆ ಮಾತು ನಿಂತೀತು.

ಮರುದಿನ ಮೊದಲ ಚೆಂಡಿಗೇ ಔಟಾದ. ಮತ್ತೆ ಗಂಜಿ, ನೀರು. ಆದರೂ ಪ್ರತಿ ಸುಗ್ಗಿಯಲ್ಲಿ ತಿಮ್ಮಿ ಸಗಣಿ ಕಲಸಿದ್ದು ಆ ಒಂದು ಸಂಜೆಯನ್ನು ನೆನೆದು.

* * *

ರೂಪೇಶನ ಕಾಲಕ್ಕೆ ಆಟ ಆರು ಓವರಿಗೆ ಬಂದಿತ್ತು. ಕುಮಟೆಯಲ್ಲಿ ಮನೆಗಳಿಗೆ ವೈರಿಂಗ್ ಮಾಡುವ ಹುಡುಗ, ಆಯ್ತಾರ ಬಂದರೆ ಬಣ್ಣದ ಅಂಗಿ ತೊಟ್ಟು ಹೊನ್ನಾವರ, ಭಟ್ಕಳ ಎಂದು ಹೊರಡುತ್ತಿದ್ದ. ಒಮ್ಮೆ ಹಟ ಹಿಡಿದ. "ಅಪ್ಪ, ಒಂದೇ ಒಂದು ಸಲ ಬಾ. ಜಾಲಿಲಿ ಆಟ ಅದೆ."

ಬಸ್ಸಿನಲ್ಲಿ ಹೋದರು. ಗೆಳೆಯ ಬೊಮ್ಮನೂ ಜೊತೆಗೆ. ಸುಡುವ ಮಧ್ಯಾಹ್ನ, ಮೈಕಿನ ಕೂಗು, ಮೊದಲ ಚೆಂಡಿನಿಂದಲೇ ಬೀಸು. ಸುಕ್ರ ಸ್ವಲ್ಪ ಹೊತ್ತು ನೋಡಿ ಎದ್ದ. "ಇವ್ಕೆ ಎಂತ ಅವಸರ ಮಾರಾಯ. ಬಾ ಬೊಮ್ಮ, ಚಾ ಕುಡ್ದು ಬರ್ವಾ. ರೂಪೇಶನ ಪಾಳಿ ಬರೂಕೆ ಇನ್ನೂ ಹೊತ್ತದೆ."

ಅವನ ಲೆಕ್ಕದಲ್ಲಿ ಹೊತ್ತಿತ್ತು. ಆದರೆ ಅವರು ರಸ್ತೆ ದಾಟುವಷ್ಟರಲ್ಲಿ ಇಬ್ಬರು ಔಟಾದರು. ರೂಪೇಶ ಬಂದ. ನಾಲ್ಕು ಚೆಂಡು. ಮೂರು ಆಕಾಶಕ್ಕೆ ಹೋದವು. ನಾಲ್ಕನೆಯದನ್ನು ಗೆರೆಯ ಹತ್ತಿರ ನಿಂತವನೊಬ್ಬ ಹಿಡಿದ. ತಿಮ್ಮಿ ಉಸಿರು ಬಿಡದೆ ನೋಡಿದಳು. ಗದ್ದೆಯಿಂದ ಬೆಳ್ಳಕ್ಕಿ ಏಳುವಾಗ ರೆಕ್ಕೆ ಬಿಚ್ಚುವ ಹಾಗೆ ಮಗನ ತೋಳು ಬಿಚ್ಚಿತ್ತು. ತನ್ನ ಹೊಟ್ಟೆಯಿಂದ ಬಂದ ಮೈಯಲ್ಲಿ ಇಂಥದ್ದೊಂದು ಇದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಸುಕ್ರ ಏದುಸಿರು ಬಿಡುತ್ತ ಮರಳಿದಾಗ ಮಗ ಕೈಗವಸು ಕಳಚುತ್ತಿದ್ದ.

"ಎಂತ, ಬಂದ್ನಾ?"

"ಬಂದ, ಹೋದ," ಎಂದಳು ತಿಮ್ಮಿ.

ಮರಳಿ ಬರುವಾಗ ಬಸ್ಸಿನಲ್ಲಿ ರೂಪೇಶ ಹಿಂದಿನ ಸೀಟಿನಿಂದ ಬಗ್ಗಿ ಕೇಳಿದ. "ಅಪ್ಪ, ನೋಡ್ದ್ಯಾ?"

ಸುಕ್ರನ ತುಟಿ ಅಲುಗಿತು. ಅದಕ್ಕಿಂತ ಮೊದಲು ತಿಮ್ಮಿ ಹೇಳಿಬಿಟ್ಟಳು. "ನೋಡಿದ್ರು. ಕಣ್ಣ ಮುಚ್ಚದೆ ನೋಡಿದ್ರು."

ಸುಕ್ರ ಮುಖವನ್ನು ಕಿಟಕಿಗೆ ತಿರುಗಿಸಿದ. ಶರಾವತಿಯ ಸೇತುವೆ ದಾಟುವ ತನಕ ಹೊರಗೇ ನೋಡುತ್ತಿದ್ದ.

* * *

ಗಂಡಸರು ಮಿಂದು, ಒದ್ದೆ ಬಟ್ಟೆಯಲ್ಲೇ ಬಂದರು. ದುರ್ಗಮ್ಮ ಚಹಾ ಕೊಟ್ಟಳು. ತಿಮ್ಮಿ ಅಂಗಳದಿಂದ ಏಳಲಿಲ್ಲ.

ಟೂರ್ನಮೆಂಟು ನಡೆಸುವ ಸಂಜಯ, ರೂಪೇಶನ ಓರಗೆಯವನು, ಜಗಲಿಯ ತುದಿಯಲ್ಲಿ ಕೂತು ಹಿಂಜರಿಯುತ್ತ ಮಾತು ತೆಗೆದ. "ತಿಮ್ಮಕ್ಕ, ಹನ್ನೊಂದರ ಕಾರ್ಯ ಕಳ್ದ ಮೇಲೆ ನಿಮ್ಮ ಗದ್ದೆಲೇ ಆಟ ಇಡ್ವಾ ಅಂತ. ಗೆದ್ದವ್ರಿಗೆ ಸುಕ್ರಣ್ಣನ ಹೆಸರಲ್ಲಿ ಕಪ್ಪು."

"ಎಷ್ಟು ಓವರು?" ಕೇಳಿದ್ದು ಬೊಮ್ಮ.

"ಆರು."

"ಗೂಟ ಸುಕ್ರನ ಹೆಸರಲ್ಲಿ ಆರು ಓವರು!" ಬೊಮ್ಮ ತೊಡೆ ತಟ್ಟಿದ. "ಅವಗೆ ಲುಂಗಿ ಕಟ್ಕಣೂಕೇ ಆರು ಓವರು ಬೇಕಾಗಿತ್ತು ಮಾರಾಯ."

ಒದ್ದೆ ಟವೆಲ್ಲಿನೊಳಗೆ ಕೆಲವರು ನಕ್ಕರು. ಬೊಮ್ಮನೂ ನಕ್ಕ, ನಗುತ್ತಲೇ ದನಿ ಇಳಿಯಿತು. "ಆರು ಓವರು ಮೊದ್ಲು ಬಂದ ವರ್ಷ ಅವನ್ನೂ ಆಡ್ಸಿದ್ರು. ಇಂವ ನಿಂತ್ಕಂಡೇ ಇದ್ದ. 'ಔಟಾಗೋ ಸುಕ್ರ, ಔಟಾಗೋ' ಅಂತ ಕೂಗಿದ್ದು ಯಾರು? ನಮ್ಮವರೇ. ತಾನೇ ವಿಕೆಟಿಗೆ ಬ್ಯಾಟು ತಾಗ್ಸಿ ನಡ್ದ. ಮತ್ತೆ ಹಿಡೀಲಿಲ್ಲ."

"ಎರಡು ದಿನದ ಆಟ ಇಟ್ರೆ ಯಾರು ಬತ್ತ್ರು ಬೊಮ್ಮಣ್ಣ?" ಸಂಜಯನ ದನಿಯಲ್ಲಿ ಜಗಳವಿರಲಿಲ್ಲ. "ನಂಗೆ ಅಂಗಡಿ, ಇವಂಗೆ ವೈರಿಂಗು. ಬಿಡುವು ಸಿಕ್ಕಷ್ಟೇ ಆಟ."

ರೂಪೇಶ ಬೆಳಗಿನಿಂದ ಮೊದಲ ಬಾರಿ ತಲೆ ಎತ್ತಿದ. "ಅಪ್ಪಗೆ ನಮ್ಮ ಆಟ ಆಗ್ತಿರ್ಲಿಲ್ಲ ಅಂತ ಎಲ್ಲರೂ ಹೇಳ್ತ್ರು. ಆದ್ರೂ ಜಾಲಿಲಿ ಕೂತು ನೋಡಿದ್ದ. ಅದ್ಕೇ ನಾ ಕಪ್ಪಿಗೆ ಹೂಂ ಅಂದದ್ದು."

"ಜಾಲಿಲಾ?" ಬೊಮ್ಮನ ಕಣ್ಣು ಹೊಳೆಯಿತು. "ಜಾಲಿಲಿ ಎಂತ ಆತು ಗೊತ್ತದ್ಯಾ? ಕೇಳು. ನಾನೂ ಅವನೂ ಚಾದಂಗಡಿಗೆ..."

"ಬೊಮ್ಮಣ್ಣ."

ತಿಮ್ಮಿಯ ದನಿ ದೊಡ್ಡದಿರಲಿಲ್ಲ. ಮೊಣಕೈ ತನಕ ಸಗಣಿ. "ನಿಮ್ಮ ಚಾ ಆರ್ತದೆ."

ಬೊಮ್ಮನ ಲೋಟ ಆಗಲೇ ಬರಿದಾಗಿತ್ತು. ಅವನು ಲೋಟ ನೋಡಿದ. ಅವಳ ಮುಖ ನೋಡಿದ. ಆಮೇಲೆ ರೂಪೇಶನ ಕಡೆ ತಿರುಗಿದ.

"ಚಾದಂಗಡಿಗೆ ಹೋಗ್ವಾ ಅಂದೆ ನಾನು. ಅವ ಬರ್ಲೇ ಇಲ್ಲ. ಮಗನ ಪಾಳಿ ಅದೆ, ನೀ ಹೋಗು ಅಂದ. ನಿನ್ನ ಆಟ ತಪ್ಪಿದ್ದು ನಂಗೆ ಕಾಣು. ಬರೀ ಚಾಕ್ಕೆ!"

ರೂಪೇಶ ನಗಲು ಹೋಗಿ, ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡ. ಅವನ ಹೆಗಲು ಅಲುಗತೊಡಗಿತು.

* * *

ಬೊಮ್ಮ ಹೊರಟಾಗ ಬಿಸಿಲು ಹಳದಿಯಾಗಿತ್ತು. ಅಂಗಳದಲ್ಲಿ ಅವನು ನಿಂತುಬಿಟ್ಟ. ಹೆಣ ಮಲಗಿದ ಜಾಗವನ್ನು ದಾಟಿ, ತುಳಸಿಕಟ್ಟೆಯನ್ನೂ ದಾಟಿ, ಬೇಲಿಯ ತನಕ ಉದ್ದಕ್ಕೆ ಸಾರಿಸಿದ ಪಟ್ಟಿ ಕಪ್ಪಗೆ ಮಿಂಚುತ್ತಿತ್ತು. ತಿಮ್ಮಿಯೂ ಆಗಲೇ ಅದನ್ನು ಸರಿಯಾಗಿ ಕಂಡದ್ದು. ಬೊಮ್ಮ ತುಳಿಯದೆ, ಪಿಚ್ಚನ್ನು ಬಳಸಿ ಬರುವ ಬೌಲರಿನ ಹಾಗೆ, ಬದಿಯಿಂದ ಬಂದ.

"ಅತ್ತಿಗೆ, ಒಂದು ಮಾತು," ಎಂದ ಮೆಲ್ಲಗೆ. "ಜಾಲಿಲಿ ನಿನ್ನ ಮಗನ ಮೂರನೇ ಹೊಡ್ತ ಚಾದಂಗಡಿ ತಗಡಿನ ಮೇಲೆ ಬಿತ್ತು. ಸುಕ್ರ ಬಾಲು ಹೆಕ್ದ. ಯಾರು ಹೊಡ್ದದ್ದು ಅಂತ ಕೇಳ್ದ. ರೂಪೇಶ ಅಂದ್ರು. ಬಾಲು ಕೊಡೂಕೇ ಇಲ್ಲ ಮಾರಾಯ್ತಿ, ಎರಡೂ ಕೈಲಿ ಹಿಡ್ಕಂಡು ನಿಂತ. 'ಬಿಸಿ ಅದ್ಯಲ್ಲೋ ಬೊಮ್ಮ' ಅಂದ. ಓಡ್ಕಂಡು ಬಂದ್ವು. ಅಷ್ಟ್ರಲ್ಲೇ ಮುಗ್ದಿತ್ತು."

"ನಂಗೆ ಹೇಳ್ಲೇ ಇಲ್ಲ."

"ನೋಡಿದ್ರು ಅಂತ ನೀ ಬಸ್ಸಲ್ಲಿ ಹೇಳಿ ಆಗಿತ್ತಲ್ಲ. 'ಅವ್ಳು ಹೇಳ್ದದ್ದೇ ಇರ್ಲಿ' ಅಂದ ಸುಕ್ರ."

ಬೇಲಿಯ ಆಚೆ ಬೊಮ್ಮನ ಬಿಳಿ ಅಂಗಿ ಮರೆಯಾಗುವ ತನಕ ತಿಮ್ಮಿ ನಿಂತಿದ್ದಳು. ತನ್ನ ಅಂಗೈಯನ್ನು ಬಿಚ್ಚಿ ನೋಡಿಕೊಂಡಳು. ಸಗಣಿ ಒಣಗಿ ಗೆರೆಗೆರೆಯಾಗಿ ಬಿರಿದಿತ್ತು. ಆಮೇಲೆ ಕೊಟ್ಟಿಗೆಯ ಹಿಂದಿನಿಂದ ತೆಂಗಿನ ಮಡಲು ಎಳೆದು ತಂದು ಹೆಣೆಯಲು ಕೂತಳು.

"ಎಂತ ಮಾಡ್ತೆ ಅವ್ವಿ?" ರೂಪೇಶ ಜಗಲಿ ಇಳಿದು ಬಂದ.

"ಇಬ್ಬನಿ ಬೀಳ್ತದೆ."

ಅಂಗಳಕ್ಕೆ ಎಂಥ ಇಬ್ಬನಿ ಎಂದು ಅವನು ಕೇಳಲಿಲ್ಲ. ಕಪ್ಪು ಪಟ್ಟಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದ. ಎದುರು ಕೂತು, ತಾನೂ ಒಂದು ಮಡಲು ಎಳೆದುಕೊಂಡ. ಅವನ ಹೆಣಿಗೆ ಸೊಟ್ಟಗೇ ಬಂತು.

"ಅವ್ವಿ, ಜಾಲಿಲಿ ಮೊದ್ಲನೇ ಬಾಲು ಬರುವಾಗ ನಂಗೆ ಕಾಲು ನಡುಗ್ತಿತ್ತು," ಎಂದ. "ಅಪ್ಪ ಕೂತಿದ್ದ ಬದಿಗೇ ಹೊಡೀಬೇಕು ಅಂತ..."

ಮೂರನೆಯ ಚೆಂಡು ಎಲ್ಲಿಗೆ ಹೋಯಿತೆಂಬ ಮಾತು ತಿಮ್ಮಿಯ ನಾಲಿಗೆಯ ತನಕ ಬಂತು. ಬಿಸಿಯಾಗಿತ್ತು. ಅದನ್ನು ಅಲ್ಲೇ ಇಟ್ಟುಕೊಂಡಳು. ಇನ್ನು ಅದು ಅವಳದು.

"ಹೇಳು," ಎಂದಳು.

ಅವನು ಹೇಳುತ್ತ ಹೋದ. ಕತ್ತಲು ಇಳಿಯಿತು. ಅವನು ಸೊಟ್ಟಗೆ ಹೆಣೆದ ಮಡಲನ್ನು ಅವಳು ತಿದ್ದದೆ ಹಾಗೇ ತೆಗೆದುಕೊಂಡು, ಪಟ್ಟಿಯ ಮೇಲೆ ಹೊದಿಸಿ, ಗಾಳಿಗೆ ಹಾರದ ಹಾಗೆ ಮೂಲೆಗೊಂದು ಕಲ್ಲು ಇಟ್ಟಳು.