ಕಡೇ ಮೂಲೆಯ ತಂತಿ

"ಆಮೇಲೆ ಮಾತಾಡೋಣಪ್ಪಾ, ವ್ಯಾನ್ ವಂದಾಚ್ಚು, ಬಂದಾಯ್ತು!" ಎಂದು ಭಾವ ವಿಷ್ಣುತೀರ್ಥ ತೋಳು ಹಿಡಿದೆಳೆದರೂ ಅಂದಾನಿ ಅಡುಗೆಮನೆಯ ಬಾಗಿಲು ಬಿಡಲಿಲ್ಲ. ಬೆಳಗಿನಿಂದ ಅವನು ಮಾತಾಡಬೇಕೆಂದು ಬಂದದ್ದು ಇದು ಮೂರನೆಯ ಸಲ. ಒಳಗೆ ನೀರಜಾ ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ, ಗಂಡನ ಮಾತ್ರೆ ಡಬ್ಬಿಗಳನ್ನು ಸುಮ್ಮನೆ ಅತ್ತಿಂದಿತ್ತ ಇಡುತ್ತಿದ್ದಳು. ಮದರಾಸಿನ ವೇಲಚೇರಿಯ ಆ ಮೂರನೇ ಮಹಡಿಯ ಹಾಲಿನಲ್ಲಿ ಅವಳ ಗಂಡ ಉಪೇಂದ್ರನ ಹೆಣವಿತ್ತು.

"ಹೇಳಲಿ ಬಿಡಿ ಭಾವ," ಎಂದಳು.

"ಅಮ್ಮಾರ, ಆವತ್ತಿನ ತಪ್ಪು ಸಾಹೇಬ್ರದಲ್ರೀ. ನಂದು."

*

ಇಪ್ಪತ್ತೆರಡು ವರ್ಷಗಳ ಹಿಂದೆ, ಎಂಬತ್ತೆರಡರಲ್ಲಿ, ಉಪೇಂದ್ರ ರಾಯಚೂರಿನ ಕಡೆ ಹತ್ತಿ ಹೊಲಗಳ ಮೇಲೆ ವಿಮಾನದಿಂದ ಔಷಧಿ ಸಿಂಪಡಿಸುತ್ತಿದ್ದ. ಗಿಡದ ನೆತ್ತಿಯಿಂದ ಎರಡಾಳೆತ್ತರದಲ್ಲಿ ಹಾರಬೇಕು. ಆ ವೇಗದಲ್ಲಿ ಕಂಬ ಕಂಡರೂ ತಂತಿ ಕಾಣದು. ಅವನ ಕೈಕೆಳಗಿದ್ದ ಅಂದಾನಿ ಮೊದಲೇ ಹೊಲವೆಲ್ಲ ನಡೆದು, ಕರೆಂಟಿನ ತಂತಿ ಎಲ್ಲೆಲ್ಲಿದೆಯೆಂದು ಬಂದು ಹೇಳಬೇಕಿತ್ತು. ಅದೊಂದು ಬೆಳಿಗ್ಗೆ, "ಎಲ್ಲಾ ನೋಡೀನ್ರೀ, ಏನಿಲ್ಲ," ಎಂದ. ಪಂಪ್‌ಸೆಟ್ಟಿಗೆಂದು ಹೊಸದಾಗಿ ಎಳೆದಿದ್ದ ತಂತಿಗೆ ಸಿಕ್ಕಿ ವಿಮಾನ ಬಿತ್ತು.

ಉಪೇಂದ್ರ ಎಡಗಾಲು ಮುರಿದುಕೊಂಡು ಬದುಕಿದ; ಮೂಳೆ ಕೂಡಿದ ಮೇಲೂ ಆ ಕಾಲು ಗಿಡ್ಡವಾಗಿಯೇ ಉಳಿಯಿತು. ವಿಚಾರಣೆಗೆ ಬಂದವರ ಮುಂದೆ, "ತಂತಿ ಇರೋದು ಗೊತ್ತಿತ್ತು. ನಾನೇ ಮೇಲೇಳೋದು ತಡ ಮಾಡಿದೆ," ಎಂದುಬಿಟ್ಟ. ಹಾರುವ ಕೆಲಸ ಹೋಯಿತು. ಮದರಾಸಿಗೆ ಬಂದು ಪ್ಯಾರೀಸ್ ಕಾರ್ನರಿನ ಒಂದು ಕಚೇರಿಯಲ್ಲಿ ಗುಮಾಸ್ತನಾದ. ಅಂದಾನಿಗೂ ಅಲ್ಲೇ ಮಾಧವರಂನಲ್ಲಿ ಹಾಲಿನ ಡೈರಿಯ ಕೆಲಸ ಹಿಡಿದುಕೊಟ್ಟ.

ಜಗಳವಾದಾಗಲೆಲ್ಲ ನೀರಜಾ, "ನಿಮ್ಮ ಶೋಕಿಗೆ ನನ್ನ ಬಾಳೂ ನೆಲಕಚ್ಚಿತು," ಎನ್ನುತ್ತಿದ್ದಳು. ಅವನು ಪೇಪರಿನ ಹಾಳೆ ಮಗುಚುತ್ತಿದ್ದ.

*

"ಕಡೀ ಮೂಲಿಗೆ ನಾ ಹೋಗಲೇ ಇಲ್ರೀ," ಅಂದಾನಿ ಹೇಳಿದ. "ಜ್ವರ ಇತ್ತು, ಮರದ ಕೆಳಗ ಕುಂತೆ. ಹೇಳಿಬಿಡ್ತೀನಂದ್ರ ಸಾಹೇಬ್ರು ಬಿಡಲಿಲ್ಲ. ಮೂರು ಮಕ್ಕಳು ನಿನಗ, ಬಾಯಿ ಮುಚ್ಕೊಂಡಿರು ಅಂದ್ರು."

"ನನಗೂ ಹೇಳಬಾರದಿತ್ತಾ?" ನೀರಜಾಳ ದನಿ ಹಾಲಿನವರೆಗೂ ಕೇಳಿತು. "ಪ್ರತಿ ದೀಪಾವಳಿಗೂ ಬಂದು ನನ್ನ ಕೈಯಲ್ಲೇ ಕಾಫಿ ಕುಡಿದ್ಯಲ್ಲಪ್ಪಾ! ನಾನು ಅವರನ್ನ ಏನೇನಂದೆ, ಗೊತ್ತಾ ನಿನಗೆ?"

"ಲಿಫ್ಟಲ್ಲಿ ಹಿಡಿಸಲ್ಲ, ಮೆಟ್ಟಿಲಲ್ಲೇ ಇಳಿಸಬೇಕು," ಹೊರಗೆ ವಿಷ್ಣುತೀರ್ಥ ಕೂಗುತ್ತಿದ್ದರು. "ಇನ್ನೊಬ್ಬರು ಬೇಕು, ಸೀಕ್ರಂ, ಬೇಗ!"

ನೀರಜಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಹೋಗು, ಹಿಡಿ."

"ಇವನಾ?" ಭಾವನವರು ಹುಬ್ಬೇರಿಸಿದರು.

"ಇವನೇ." ಅಂದಾನಿಯ ಕಡೆ ತಿರುಗಿ ಹೇಳಿದಳು, "ನೋಡ್ಕೊಂಡು ಇಳಿ."

ಅಂದಾನಿಯೂ ಸೇರಿ ನಾಲ್ವರು ಎತ್ತಿದರು. ಹೊದಿಸಿದ್ದ ಬಿಳಿ ಪಂಚೆ ಕಾಲಿನಿಂದ ಜಾರಿತು. ಸರಿಪಡಿಸಲು ಓಡಿದ ನೀರಜಾ ಹಾಗೇ ನಿಂತಳು. ಎರಡೂ ಹೆಬ್ಬೆರಳುಗಳನ್ನು ದಾರದಿಂದ ಕೂಡಿಸಿ ಕಟ್ಟಿದ್ದರು. ಗಿಡ್ಡವಾಗಿದ್ದ ಎಡಗಾಲಿನ ಸಮಕ್ಕೆ ಬರಲೆಂದು, ಸರಿಯಿದ್ದ ಬಲಗಾಲು ಮೊಣಕಾಲಲ್ಲಿ ತುಸು ಮಡಚಿಕೊಂಡಿತ್ತು.